ಖಾಲಿ ಅಂಕಣ

ಹಟ್ಟಿಯ ಕ್ಯಾಂಪಿನಲ್ಲಿ, ಕ್ಲಬ್ಬಿನಂಗಳಕ್ಕೆ ಬಿಳಿ ಪರದೆ.
ಎರಡನೇ ಶಿಫ್ಟಿನ ಸೈರನ್ನಿನ ಬಾಲ ಹಿಡಿದೇ ಸಿನಿಮಾ ಸುರು.
ನಿಜದ ಮನುಷ್ಯ ಒಬ್ಬ, ಗೀಚಿದ ಪ್ರಾಣಿ ಆರು,
ಎಲ್ಲ ಸೇರಿ ಒಂದೇ ಕಬಡ್ಡಿ ಟೀಮು.

ಎದುರಾಳಿ ಕೋಣ ಮೇಲೆ ಬಿತ್ತು.
ಮುಂಗುಸಿ ರೊಟ್ಟಿಯಾಯಿತು,
ಕಟಕಟ ಮುರಿಯುವಂಥ ಸಜ್ಜಿ ರೊಟ್ಟಿ.
ಆಮೇಲೆ ತನ್ನದೇ ಒಂದು ಮೂಲೆ ಎತ್ತಿ
ಉಫ್ ಎಂದು ಊದಿಕೊಂಡು
ತೊಡೆ ತಟ್ಟಿತು.
ಯಂಕೋಬ ನಕ್ಕು ನಕ್ಕು ಬಿಕ್ಕಳಿಸಿದ.
ಅಪ್ಪನ ಬಲ ಮೊಣಕಾಲು ಹಿಡಿದು ಕೇಳಿದ:
'ಯಪ್ಪಾ, ಟ್ರಾಲಿ ಹೊಡೆದಾಗ
ನೀ ಯಾಕ ಊದಿಕೊಳ್ಳಲಿಲ್ಲ?'

ಅವ್ವ ಶೇಂಗಾದ ಪೊಟ್ಟಣ ಚಾಚಿದಳು.
ಅಪ್ಪ ಒಂದು ಸುಲಿದ, ತಿನ್ನಲಿಲ್ಲ.
'ಅದಿರಲಿ, ಆ ಮನುಷ್ಯಾನ ನೋಡು.
ಶೂಟಿಂಗಿನಾಗ ಅವನ ಮುಂದ ಯಾರೂ ಇರಂಗಿಲ್ಲ.
ಬರೇ ಗಾಳಿ ಮುಟ್ಟತಾನ,
ಗಾಳಿ ಹಿಡಿದರ ಬೀಳತಾನ.
ಪ್ರಾಣಿ ಆಮ್ಯಾಲೆ ಬರೀತಾರ.'

ರಾತ್ರಿ ನೀರಿಗೆಂದು ಎದ್ದೆ.
ಕ್ವಾರ್ಟರ್ಸಿನ ಹಿಂದೆ, ಗಣಿಯ ಬೂದುದಿಬ್ಬದ ದೀಪದಡಿ
ಲುಂಗಿ ಎತ್ತಿ ಕಟ್ಟಿ ಅಪ್ಪ.
ಯಾರೂ ಏಳದ ಹಾಗೆ, ಪಿಸುಮಾತಿನಲ್ಲಿ
ಕಬಡ್ಡಿ ಕಬಡ್ಡಿ ಕಬಡ್ಡಿ
ಕುಂಟುತ್ತ ಆಚೆ ಹೋದ, ಯಾರನ್ನೋ ಮುಟ್ಟಿದ,
ಯಾರೋ ಕಾಲು ಹಿಡಿದರೆಂಬಂತೆ ಎಳೆದುಕೊಂಡು
ಗೆರೆಯ ಮೇಲೆ ಅಂಗಾತ ಬಿದ್ದ.
ಬಹಳ ಹೊತ್ತು ಏಳಲಿಲ್ಲ. ನಗುತ್ತಿದ್ದನೋ ಏನೋ,
ಹೊಟ್ಟೆ ಕುಣಿಯುತ್ತಿತ್ತು.

ಬೆಳಿಗ್ಗೆ ಯಂಕೋಬನಿಗೆ ಹೇಳಿಬಿಟ್ಟೆ.
ಅವನು ಒಲೆಯ ಇದ್ದಿಲು ತಂದು
ಹಿತ್ತಿಲ ಗೋಡೆಗೆ ಏಳು ಮಂದಿಯನ್ನು ಬರೆದ,
ಕಣ್ಣು, ಮೀಸೆ, ಚಡ್ಡಿಯ ನಂಬರು ಸಮೇತ.
ಕೈ ಮಾತ್ರ ಬರೆಯಲಿಲ್ಲ.
ಏಳನೆಯವನಿಗೆ ಮರೆತು ಒಂದು ಬಂದಿತ್ತು;
ಉಗುಳು ಹಚ್ಚಿ ತಿಕ್ಕಿದ.