ಮೊದಲು ಕಾಲು, ಆಮೇಲೆ ಗಾಲಿ

ಚಪ್ಪಲಿ ಇಲ್ಲೇ ಬಿಡು ತಮಾ, ಕಟ್ಟೆಯ ಕೆಳಗೆ.
ಯಂತ್ರ ಹತ್ತುವುದು ಆಮೇಲೆ. ಹತ್ತಿ ಕೂತವನಿಗೆ
ಹುಲ್ಲು ಕಾಣುತ್ತದೆ, ಹುಲ್ಲಿನೊಳಗಿದ್ದದ್ದು ಕಾಣುವುದಿಲ್ಲ.

ಬೇಲಿಯಿಂದ ಶುರು.
ಗಾಳಿಮರದ ಕಾಯಿ ಒತ್ತುತ್ತದೆ, ಚುಚ್ಚುವುದಿಲ್ಲ,
ಬಿಟ್ಟುಬಿಡು ಅದನ್ನು.
ಮುಟ್ಟಿದರೆ ಮುನಿ ಎಲೆ ಮಡಚುತ್ತದೆ, ಮುಳ್ಳು ಮಡಚುವುದಿಲ್ಲ,
ಬೇರು ಸಮೇತ ಕೀಳು.
ಶನಿವಾರ ರಾತ್ರಿ ಅತಿಥಿಗಳು ಕೂತೆದ್ದ ಮೂಲೆಯಲ್ಲಿ
ಬಾಟಲಿಯ ಚೂರು, ಬಿರಡೆ. ಕೋಳಿಮೂಳೆ ನಾಯಿಯ ಪಾಲು.
ಕಾಗೆ ಕಾಳಿಯ ದಂಡೆಯಿಂದ ತಂದು ಕುಕ್ಕಿ ಎಸೆದ ಬೆಳಚಿನ ಚಿಪ್ಪು,
ನಮ್ಮ ಬ್ಲೇಡಿಗೂ ಇಲ್ಲ ಅಂಥ ಹರಿತ.
ಗಾಳ ಸಿಕ್ಕರೆ ಎಳೆಯಬೇಡ.
ಹೊಕ್ಕ ದಾರಿಯಲ್ಲಿ ಅದು ಹೊರಬರುವ ಜಾತಿಯಲ್ಲ.
ಮುಂದಕ್ಕೆ ತಳ್ಳು, ಕೊಕ್ಕೆ ಕತ್ತರಿಸು, ಆಮೇಲೆ ತೆಗೆ.
ಟಯರಿಗೂ ಹೀಗೆಯೇ, ಹೆಬ್ಬೆರಳಿಗೂ ಹೀಗೆಯೇ.

ಗಾಳಿ: ಮುಂದಿನವಕ್ಕೆ ಹದಿನಾಲ್ಕು, ಹಿಂದಿನವಕ್ಕೆ ಹತ್ತು.
ಬಂಕಿನ ಹುಡುಗ ಒಮ್ಮೆ ಕಾರಿನ ಲೆಕ್ಕದಲ್ಲಿ ಮೂವತ್ತು ತುಂಬಿಸಿ
ಇಡೀ ಮೈದಾನ ಕಪ್ಪೆಯ ಹಾಗೆ ನೆಗೆಯುತ್ತ ಕತ್ತರಿಸಿದ್ದೇನೆ.
ಕಡಿಮೆಯಾದರೂ ಕಷ್ಟ, ತಿರುವಿನಲ್ಲಿ ರಿಮ್ಮು ಬಿಟ್ಟು ಕಳಚುತ್ತದೆ,
ಹಳೆ ಅಂಗಿಯ ಗುಂಡಿಯಷ್ಟು ಸಲೀಸಾಗಿ.
ಕೆಲಸ ಮುಗಿದ ಮೇಲೆ ಹಲಗೆಯ ಮೇಲೆ ನಿಲ್ಲಿಸಿ
ಗೋಣಿ ಹೊದೆಸು. ಉಪ್ಪುಗಾಳಿ, ಬಿಸಿಲು
ಎರಡೂ ಸೇರಿದರೆ ರಬ್ಬರು ಬೇಗ ಬಿರಿಯುತ್ತದೆ.
ನಂಬಿಕೆಯಿಲ್ಲದಿದ್ದರೆ ನನ್ನ ಹಿಮ್ಮಡಿ ನೋಡು.

ಇಷ್ಟೆಲ್ಲ ಮಾಡಿಯೂ ಆಯಿತು, ಒಂದೇ ತಿಂಗಳಲ್ಲಿ ಐದು.
ಪಂಕ್ಚರಿನ ಇನಾಸ್ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ನೋಡುತ್ತ,
'ಇದು ಲಾನೋ ಬಡಗಿಯ ಅಂಗಳವೋ ವಿಠೋಬಾ?' ಅಂದ.
ಕಿತ್ತದ್ದನ್ನು ನನ್ನ ಅಂಗೈಗೆ ಹಾಕಿದ.
ಹಸಿರು ಹತ್ತಿದ ತಾಮ್ರದ ಮೊಳೆ. ಚೌಕ.
ಚೌಕದ ಮೊಳೆ ಈಗ ಯಾವ ಅಂಗಡಿಯಲ್ಲೂ ಇಲ್ಲ.

ಬಡಗಿಯ ಅಂಗಳವೇ, ಇನಾಸ್.
ಆ ಗುಲಾಬಿ ಕುಂಡಗಳ ಸಾಲಿದೆಯಲ್ಲ,
ಅಲ್ಲಿ ಪುರ್ಸು ಮೇಸ್ತ ದೋಣಿ ಕಟ್ಟುತ್ತಿದ್ದ.
ಮೀನೆಣ್ಣೆ, ಗೇರೆಣ್ಣೆ, ಹೊಸ ಹಲಗೆಯ ವಾಸನೆ.
ನಾನು ಮೊಳೆಡಬ್ಬಿ ಹಿಡಿದು ನಿಲ್ಲುವವನು, ಏಳು ವರ್ಷ.
ತುಟಿಯ ಅರ್ಧದಲ್ಲಿ ಮೊಳೆ, ಉಳಿದರ್ಧದಲ್ಲಿ ಮಾತು.
ಒಂದು ಬಿದ್ದರೆ ತಲೆಗೊಂದು ಮೊಟಕು,
'ಹುಡುಕು. ನೆಲ ತಿಂದದ್ದನ್ನು ತಿರುಗಿ ಕೊಡುವುದಿಲ್ಲ.'

ಕೊಡುತ್ತದೆ, ಮೇಸ್ತರೇ.
ಪ್ರತಿ ಮಳೆ ಮುಗಿದಾಗ ನಾಲ್ಕೋ ಐದೋ,
ಟಯರಿನ ಕೈಯಲ್ಲಿ ಕೊಟ್ಟು ಕಳಿಸುತ್ತದೆ.

ಆವತ್ತಿನಿಂದ ಈ ನಡಿಗೆ.
ಅಂಗಾಲಿಗೆ ಕಂಡದ್ದು ಕಣ್ಣಿಗೆ ಕಾಣುವುದಿಲ್ಲ,
ಒಂದು ತಣ್ಣಗಿನ ಚುಕ್ಕಿ, ಸುತ್ತ ಮಣ್ಣು ಬೆಚ್ಚಗೆ.
ಉಪ್ಪಿನಕಾಯಿಯ ಭರಣಿಯಲ್ಲಿ ಮೂವತ್ತೆಂಟು ಕೂಡಿವೆ.
ದೋಣಿಯೊಂದರ ಮೂತಿಗೂ ಸಾಲವು.
ಮೂವತ್ತೊಂಬತ್ತನೆಯದಕ್ಕೆ ಯಂತ್ರದ ಚಾವಿ ನೇತುಹಾಕಿದ್ದೇನೆ.

ಹೋದ ವಾರ ಹೊಸ ಸಾಹೇಬರು ಕರೆದರು.
ಒಳಗೆಲ್ಲ ನೊರೆ ತುಂಬಿ ಗಟ್ಟಿಮಾಡಿದ ಟಯರಂತೆ,
ಗಾಳಿ ಬೇಡ, ಪಂಕ್ಚರಿನ ಮಾತೇ ಇಲ್ಲ,
ಮುಳ್ಳಿನ ಮೇಲೆ ಹೋಗಲಿ, ಮೊಳೆಯ ಮೇಲೆ ಹೋಗಲಿ,
ಏನೂ ಗೊತ್ತಾಗುವುದಿಲ್ಲವಂತೆ.
ಕೊಟೇಶನ್ನಿನ ಕಾಗದ ಫ್ಯಾನಿಗೆ ಹಾರದ ಹಾಗೆ
ಲೋಟ ಇಟ್ಟಿದ್ದರು ಅದರ ಮೇಲೆ.
'ಏನಂತೀಯ ತಾಂಡೇಲ?'

'ಸೊಂಟಕ್ಕೆ ಒಳ್ಳೆಯದಲ್ಲ ಸಾರ್, ಕುಲುಕುತ್ತದೆ,' ಅಂದೆ.
ಅದೂ ಸುಳ್ಳಲ್ಲ.

ಬಾ, ಬಿಸಿಲು ಏರುವ ಮೊದಲು ಆ ಬದಿ ಮುಗಿಸೋಣ.
ಅಷ್ಟು ಬೇಗ ಹೆಜ್ಜೆ ಎತ್ತಬೇಡ.
ಊರು, ಪೂರ್ತಿ ಊರು ಪಾದ.
ಹಾಂ. ಅಲ್ಲಿ. ಏನದು?