ವಾಲ್‌ಮ್ಯಾನ್ ಹುಚ್ಚರಾಯಪ್ಪನ ಎಡಗಣ್ಣು

ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ತಾಗಿರಲಿ,
ಒಳಗೊಂದು ನೀಲಿ ಚುಕ್ಕೆ ಕಾಣುತ್ತೆ,
ಅದನ್ನೇ ನೋಡಿ, ರೆಪ್ಪೆ ಬಡಿಯಬೇಡಿ.
ದಿನಕ್ಕೆ ನಲವತ್ತು ಸಲ ಹೇಳುತ್ತೇನೆ
ದುರ್ಗಿಗುಡಿಯ ಈ ಕತ್ತಲೆ ಕೋಣೆಯಲ್ಲಿ.
ಬಂದವರ ಮುಖ ಮರೆತುಹೋಗುತ್ತದೆ,
ಕಣ್ಣಿನ ಹಿಂಪರದೆ ಮರೆಯುವುದಿಲ್ಲ.

"ಚುಕ್ಕೆ ಎಲ್ಲೈತಮ್ಮ? ಮಂಜಿನಾಗಿನ ಬಸ್ ಲೈಟಿನಂಗೆ
ಹರಡ್ಕೊಂಡೈತೆ" ಅಂದ ಹುಚ್ಚರಾಯಪ್ಪ,
ಮೂವತ್ತೊಂದು ವರ್ಷ ಶಿವಮೊಗ್ಗಕ್ಕೆ ನೀರು ಬಿಟ್ಟವ.
ಎದೆಮಟ್ಟದ ಕಬ್ಬಿಣದ ಚಾವಿ ಹೊತ್ತು
ನಸುಕಿನ ನಾಲ್ಕಕ್ಕೆ ಸೀಗೆಹಟ್ಟಿ,
ಐದೂವರೆಗೆ ವಿನೋಬನಗರ,
ಕಾಲಡಿಯ ಕೊಳವೆ ಕಾಲಿಗೇ ಗೊತ್ತಿದ್ದವ.

ಯಂತ್ರ ಬರೆದದ್ದು ಕಪ್ಪಿನ ಮೇಲೆ ಬಿಳಿ ಎಳೆ,
ಎಳೆಯ ಮೇಲೆ ಹೊಗೆ.
ಮೇಲ್ಗಡೆ ಬಲಕ್ಕೆ ಒಂದು ಇಡೀ ಪಟ್ಟಿ ಖಾಲಿ.
ಬಗ್ಗಿ ನೋಡಿದ, ಬಲಗಣ್ಣಿನಿಂದ:
"ನಮ್ ಲೈನ್ ನಕ್ಷೆ ಇದ್ದಂಗೈತಲ್ಲ!
ಈ ಕಡೀಕೆ ಕನೆಕ್ಷನ್ನೇ ಕೊಟ್ಟಿಲ್ವಾ?"
ಗೊತ್ತಿಲ್ಲ, ಅಂದೆ.
ನಾಳ ಇಲ್ಲದ್ದಕ್ಕೆ ಖಾಲಿಯೋ,
ಪೊರೆ ಅಡ್ಡ ನಿಂತದ್ದಕ್ಕೆ ಖಾಲಿಯೋ,
ಪೊರೆ ತೆಗೆಯದೆ ಹೇಳುವಂತಿಲ್ಲ.
ಚಿತ್ರದ ಗುಣಮಟ್ಟ: ಹತ್ತಕ್ಕೆ ನಾಲ್ಕು.

ಆಪರೇಷನ್ ಹದಿನೆಂಟು ನಿಮಿಷ.
"ಏನೂ ಕಾಣ್ಲಿಲ್ಲ. ಮೂರು ದೀಪ,
ಆಮೇಲೆ ಒಂದೇ ಸಮ ನೀರಿನ ಸದ್ದು.
ಪ್ರೆಷರ್ ಸರಿಯಾಗೇ ಇಟ್ಟಿದ್ರು."

ಒಂದು ತಿಂಗಳು. ಮತ್ತೆ ಗದ್ದ, ಮತ್ತೆ ಪಟ್ಟಿ.
ಚುಕ್ಕೆ ಈಗ ಚುಕ್ಕೆಯಷ್ಟೇ ಇದೆಯಂತೆ.
ಪರದೆಯ ತುಂಬ ಎಳೆಗಳು,
ಎಳೆಯಿಂದೆಳೆ, ಸಂದಿಯೊಳಗೆ ಸಂದಿ,
ಖಾಲಿಯಿದ್ದ ಪಟ್ಟಿಯಲ್ಲೂ
ಕೂದಲಿಗಿಂತ ತೆಳ್ಳನೆಯ ಓಣಿಗಳು.
ರಕ್ತನಾಳದ ಸಾಂದ್ರತೆ ಹೆಚ್ಚಾಗಿದೆ ಎಂದಿತು ಯಂತ್ರ.
ಬೆರಳು ಮುದ್ರಣದ ಗುಂಡಿಯ ಮೇಲೆ ತಡೆಯಿತು.

ಹೆಚ್ಚಾಯಿತೋ, ಕಂಡಿತೋ?
ಹಳೆ ಮಸೂರ ಹೋಗಿ ಒಳಗಿನ ಒತ್ತಡ ಇಳಿದು
ನೆತ್ತರು ಸಲೀಸಾಗಿ ನುಗ್ಗಿರಬಹುದು.
ಎಷ್ಟೋ ವರ್ಷದ ಮೇಲೆ ಬಿದ್ದ ಬೆಳಕಿಗೆ
ಜೀವಕೋಶಗಳು ಎದ್ದು ಕೂತು ಹೆಚ್ಚು ಕೇಳಿರಬಹುದು.
ಗಾಯದ ಬಿಸಿಗೆ ನಾಳ ಹಿಗ್ಗಿ
ಒಂಚೂರು ಜಿನುಗುತ್ತಿರಲೂಬಹುದು,
ಸಕ್ಕರೆ ಕಾಯಿಲೆಯವ, ಕಣ್ಣಿಟ್ಟಿರಬೇಕು.
ಇಲ್ಲವೇ ಇವೆಲ್ಲ ಮೊದಲೂ ಹೀಗೇ ಹರಿಯುತ್ತಿದ್ದು
ಕಿಟಕಿ ಒರೆಸಿದ್ದಷ್ಟೇ ನಾವು.

ಇಷ್ಟೂ ಅವನಿಗೆ ಹೇಳಿದೆ, ಯಾಕೋ.
ತುಸು ಹೊತ್ತು ಕಿವಿ ತುರಿಸಿಕೊಂಡ.
"ಒಂದ್ಸಲ ಹೊಸಾ ಇಂಜಿನೇರು ಬಂದು
ಚೇಂಬರ್ ಚೇಂಬರಿಗೂ ಟಾರ್ಚ್ ಬಿಟ್ಟ ಕಣಮ್ಮ.
ನಲವತ್ತು ಕಡೆ ಸೋರಿಕೆ ಸಿಕ್ತು.
ಊರಾಗೆ ಸೋರಿಕೆ ಹೆಚ್ಚಾಗೈತೆ ಅಂತ ಪೇಪರಿನಾಗೆ ಬಂತು.
ಹೆಚ್ಚಾಗಿದ್ದು ಸೋರಿಕೇನೋ, ಟಾರ್ಚೋ?"

ಆಮೇಲೆ ಬೆರಳಿಟ್ಟ, ಚಿತ್ರದ ನಟ್ಟನಡುವೆ,
ಎಳೆಗಳೆಲ್ಲ ಬಂದು ಅಂಚಿನಲ್ಲೇ ನಿಲ್ಲುವ ಕಪ್ಪಿಗೆ.
"ಇಲ್ಲಿಗ್ಯಾಕೆ ಲೈನ್ ಎಳ್ದಿಲ್ಲ?"
ಅಲ್ಲಿ ಯಾರಿಗೂ ಇರುವುದಿಲ್ಲ, ಅಂದೆ.
ನಾಳ ಇದ್ದರೆ ನಾಳದ್ದೇ ನೆರಳು ಬೀಳುತ್ತದೆ.
ಸೂಜಿಗೆ ದಾರ ಪೋಣಿಸುವುದು, ಟಿಕೆಟ್ಟಿನ ಅಕ್ಷರ ಓದುವುದು,
ದೂರದಿಂದ ಬರುವವರು ಯಾರೆಂದು ತಿಳಿಯುವುದು
ಎಲ್ಲ ಆ ಕಪ್ಪಿನಿಂದಲೇ.
ಸುತ್ತಿನವರು ಕೊಟ್ಟದ್ದರಲ್ಲಿ ಅದರ ಬದುಕು.
ಆ ಕಪ್ಪೂ ಈಗ ಕೂದಲೆಳೆಯಷ್ಟು ಕಿರಿದಾಗಿದೆ.
"ಒತ್ತುವರಿನಾ?"
ನಕ್ಕುಬಿಟ್ಟೆ. ಉತ್ತರ ನನಗೂ ಗೊತ್ತಿಲ್ಲ.

ಎದ್ದ. ಬಾಟಲಿಯ ಹನಿ ದಿನಕ್ಕೆಷ್ಟು ಎಂದು ಮತ್ತೆ ಕೇಳಿದ.
ಬಾಗಿಲ ಬೆಳಕಿಗೆ ನನ್ನ ನೋಡಿ
"ಇಷ್ಟ್ ಸಣ್ ಹುಡುಗೀನಾ ನೀನು,
ದನಿ ಕೇಳಿ ಐವತ್ತಾಗಿರ್ಬೇಕು ಅಂದ್ಕಂಡಿದ್ದೆ" ಎಂದವ
ನನ್ನ ಭುಜ ದಾಟಿ ಗೋಡೆ ನೋಡುತ್ತ ನಿಂತ.
"ಅಲ್ಲಿ ಒಳಗೆ ಪೈಪು ಜಿನುಗ್ತೈತೆ. ಹೇಳಿ ಮಾಡಿಸ್ರಿ."

ಆರು ವರ್ಷದಿಂದ ಆ ಗೋಡೆಗೆ ಬೆನ್ನು ಕೊಟ್ಟು ಕೂತವಳು
ತಿರುಗಿದೆ. ಹೌದು, ಅಂಗೈ ಅಗಲದ ತೇವ,
ಅಂಚಿನಲ್ಲಿ ಕಂದು ಎಳೆಗಳು.
ಹೊರಗೆ ಮುಂದಿನವರು ಚೀಟಿ ಹಿಡಿದು ಕೆಮ್ಮುತ್ತಿದ್ದರು.
ಕೈಯಿಟ್ಟೆ.
ತಣ್ಣಗಿತ್ತು.