ಏಳನೇ ಕಂತು

ವಾಲ್ಪರೈಸೊದ ಗುಡ್ಡದೋರೆಯಲ್ಲಿ, ಹೊಲಿಗೆಯಂಗಡಿಯ ಕೆಳಗೆ
ನಮ್ಮ ನೆಲಮಾಳಿಗೆ.
ಗೋಡೆ ತುಂಬ ಮೊಟ್ಟೆಯ ತಟ್ಟೆ, ಹರಿದ ಹಾಸಿಗೆ,
ನಡುವೆ ಕಬ್ಬಿಣದ ಕೋಲಿನ ತುದಿಗೆ ರಬ್ಬರಿನ ತಲೆ.
ಕಣ್ಣಿಲ್ಲ, ಬಾಯಿಲ್ಲ,
ಕಿವಿ ಮಾತ್ರ ಥೇಟು ನಿಮ್ಮದೇ,
ಒಂದೊಂದರೊಳಗೂ ಒಂದೊಂದು ಮೈಕು.
ದೊನ್ ಗುಮೆರ್ಸಿಂದೊ ಎಂದು ಹೆಸರಿಟ್ಟಿದ್ದೆವು.

ಅವನ ಎಡಗಿವಿಯಲ್ಲಿ ಪಿಸುಗುಟ್ಟಿದರೆ
ಎಲ್ಲೋ ರಾತ್ರಿ ಬಸ್ಸಿನಲ್ಲಿ ಕೂತವಳ ಎಡಗತ್ತು ಜುಮ್ಮೆನ್ನುತ್ತದೆ.
ಅದೇ ನಮ್ಮ ಕಸುಬು.
ಸೆಲರಿ ದಂಟು ಮುರಿದರೆ ಬೆರಳ ಮೂಳೆ,
ಒದ್ದೆ ಚರ್ಮದ ಚೀಲ ಹಿಂಡಿದರೆ ಗಂಟಲು,
ಗುಡ್ಡ ಹತ್ತುವ ಎಳೆಬಂಡಿಯ ಕಿರ್ರನ್ನು
ನಿಧಾನ ಮಾಡಿದರೆ ಶವಪೆಟ್ಟಿಗೆಯ ಮುಚ್ಚಳ.
ಆರು ಕಂತು ಹೀಗೇ.
ಜನ ಹೆದರಿದರು, ಇನ್ನಷ್ಟು ಎಂದರು.

ಏಳನೆಯದರಲ್ಲಿ ಒಬ್ಬನನ್ನು ಕಣ್ಣು ಕಟ್ಟಿ ಕೂರಿಸಿದ್ದಾರೆ.
ಎಲ್ಲಿ, ಏಕೆ, ಅವನಿಗೂ ತಿಳಿಯದು.
ಬರೆದವನು ಲೌತಾರೊ, ಇಪ್ಪತ್ತಾರರ ಹುಡುಗ,
ಬೂಟು, ಸರಪಳಿ, ನಾಯಿ, ಕಿರುಚಾಟ,
ತೊಟ್ಟಿಕ್ಕುವ ನೀರು,
ಒಂದನ್ನೂ ಬಿಟ್ಟಿರಲಿಲ್ಲ.

ಮೇಲಿನಿಂದ ಇಳಿದು ಬಂದಳು ಎದುವಿನಾ,
ಕೊರಳಲ್ಲಿ ಅಳತೆಪಟ್ಟಿ, ತುಟಿಯಲ್ಲಿ ಎರಡು ಗುಂಡುಸೂಜಿ.
"ಬೂಟು ಸಾಕು ಮಾಡಿ," ಎಂದಳು. ಅಷ್ಟೆ.
ಸಿಟ್ಟಾದಳೆಂದು ಸಮಾಧಾನಕ್ಕೆ ಹೆಡ್‌ಫೋನು ಕೊಟ್ಟೆವು.
ಹನ್ನೊಂದು ನಿಮಿಷ, ನಿಂತೇ ಕೇಳಿದಳು.
ಸೂಜಿಗಳು ಅಲುಗಲಿಲ್ಲ.
ಆಮೇಲೆ ಅವನ್ನು ತೆಗೆದು ತೋಳಿಗೆ ಚುಚ್ಚಿಕೊಂಡು,
"ತಪ್ಪು. ಇಷ್ಟೊಂದು ಸದ್ದು ಯಾರೂ ಮಾಡುವುದಿಲ್ಲ."

ನಕ್ಕೆವು. ನಗು ಮುಗಿಯುವ ಮೊದಲೇ
ಹೆಗಲ ಮೇಲಿನ ಬಿಳಿ ಬಟ್ಟೆಯನ್ನು ಮಡಚಿ
ಗುಮೆರ್ಸಿಂದೊನ ಮುಖಕ್ಕೆ ಸುತ್ತಿ ಹಿಂದೆ ಗಂಟು ಹಾಕಿದಳು.
"ಅಜ್ಜಿ, ಅವನಿಗೆ ಕಣ್ಣೇ ಇಲ್ಲವಲ್ಲ!"
ಉತ್ತರವಿಲ್ಲ. ಗಂಟಿನೊಳಗೊಂದು ಬೆರಳು ತೂರಿಸಿ
ಬಿಗಿ ಎಷ್ಟೆಂದು ನೋಡಿದಳು, ನಡುಪಟ್ಟಿ ನೋಡುವ ಹಾಗೆ.
ಅಲ್ಲಿಂದ ಮುಂದೆ
ಯಾರೂ ಜೋರಾಗಿ ಮಾತಾಡಲಿಲ್ಲ.

"ಪಕ್ಕದ ಕೋಣೆಯಲ್ಲಿ ರೇಡಿಯೋ ಹಾಕು.
ಕುಣಿತದ ಹಾಡು. ಇನ್ನೂ ಜೋರು.
ಈಗ ಬಾಗಿಲು ಮುಚ್ಚು."
ತಲೆಯ ಹಿಂದೆ ಕುರ್ಚಿ ಎಳೆದು ಕೂತಳು.
ಮುಂಗವಚದ ಜೇಬಿನಿಂದ
ಒಂದು ಕಿತ್ತಳೆ.

ಸಿಪ್ಪೆಗೆ ಉಗುರು ಇಳಿಯುವ ಸದ್ದು.
ಸುಲಿಯುವ ಸದ್ದು, ಅವಸರವಿಲ್ಲದೆ,
ಒಂದೇ ಉದ್ದನೆಯ ಸುರುಳಿ.
ತೊಳೆ ಬಿಡಿಸುವುದು. ಅಗಿಯುವುದು.
ಅಂಗೈಗೆ ಬೀಜ ಉಗಿಯುವುದು.
ನೆಗಡಿಯಾದ ಮೂಗಿನ ಉಸಿರು,
ಕೆಲಸದ ನಡುವೆ ಬಿಡುವು ಸಿಕ್ಕವನದು.
ನಾಲ್ಕು ನಿಮಿಷ ನಲವತ್ತು ಸೆಕೆಂಡು
ಬೇರೇನೂ ಇಲ್ಲ.
ಕೊನೆಗೆ ಬಲಗಿವಿಯ ಹತ್ತಿರ, ಮರ್ಯಾದೆಯಿಂದ:
"ನಿಮಗೂ ಒಂದು ತೊಳೆ?"

ಗಾಜಿನಾಚೆ ಅವಳು ನನ್ನ ಕಣ್ಣೆದುರೇ ಇದ್ದಳು.
ಆದರೂ ನಾನು
ತಿರುಗಿ ನನ್ನ ಬೆನ್ನ ಹಿಂದೆ ನೋಡಿದೆ.

ಲೌತಾರೊ ತಡೆಯಲಾರದೆ ಕೇಳಿದ: "ಯಾರು ಅವನು?"
"ಹೇಗೆ ಗೊತ್ತಾಗಬೇಕು ಮಗು, ಕಣ್ಣು ಕಟ್ಟಿತ್ತು."
ಸಿಪ್ಪೆಯನ್ನೆಲ್ಲ ಆಯ್ದು ಜೇಬಿಗೆ ಹಾಕಿಕೊಂಡಳು.
"ಸಂತೆಯಲ್ಲಿ ಹಣ್ಣಿನಂಗಡಿಯ ಮುಂದೆ ನಿಲ್ಲುತ್ತೇನೆ.
ಮೂಗಲ್ಲಿ ಉಸಿರಾಡುವ ಮುದುಕರು ಬಂದರೆ
ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತೇನೆ."

ಕಂತು ಹೊರಬಂದ ವಾರ, ಪುಂತಾ ಅರೇನಾಸ್‌ನ
ರಾತ್ರಿಪಾಳಿಯ ಬ್ರೆಡ್ಡಿನವನೊಬ್ಬ ಹೇಳಿಕಳಿಸಿದ:
ಮೂರು ಸಲ ಹಿಂದೆ ನೋಡಿದೆ,
ಹಿಟ್ಟಿನ ಮೂಟೆಗಳಷ್ಟೇ ಇದ್ದವು,
ಕಿತ್ತಳೆಯ ವಾಸನೆ ಮಾತ್ರ ಹೋಗಲಿಲ್ಲ.
ಅವಳಿಗೆ ತಿಳಿಸಲು ಮೇಲೆ ಹೋದೆ.
ಯಂತ್ರ ಓಡುತ್ತಿತ್ತು, ಕೇಳಿಸಿತೋ ಇಲ್ಲವೋ.

ಅವತ್ತು ಮಾತ್ರ, ಹೊರಡುವ ಮೊದಲು
ಗುಮೆರ್ಸಿಂದೊನ ಗಂಟು ಬಿಚ್ಚಿ
ಬಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕಿದ್ದಳು.
ಯಾವುದೋ ಹುಡುಗಿಯ ಲಂಗಕ್ಕೆ ಅಸ್ತರು ಅದು,
ಸಂಜೆಯೊಳಗೆ ಹೊಲಿದು ಕೊಡಬೇಕಿತ್ತಂತೆ.